ನಂಬಿಕೆಯ ಹೊಣೆ ಯಾರ ಮೇಲೆ?

ರೋಗ ಮರಳಿತು ಎಂದು ಡಾಕ್ಟರು ಹೇಳಿದ ದಿನ ಮನೆಯವರು ಮೊದಲು ಹುಡುಕುವುದು ತಪ್ಪನ್ನು. ಹರಕೆ ಹೊತ್ತು ಮರೆತವರು ಯಾರು, ಆಪರೇಷನ್ ಆದಮೇಲೆ ಮೇವಿನ ಹೊರೆ ಹೊತ್ತದ್ದು ಯಾಕೆ, ನಡುವೆ ಎದೆಗುಂದಿ ಅತ್ತದ್ದು ಯಾಕೆ. ಆರು ಸುತ್ತು ಕೀಮೋ ಮುಗಿದು, ಉದುರಿದ ಕೂದಲು ಮತ್ತೆ ಚಿಗುರಿ, ಹಬ್ಬಕ್ಕೆ ಹೋಳಿಗೆ ಮಾಡುವಷ್ಟು ಕೈಗೆ ಬಲ ಬಂದ ಹೆಂಗಸಿಗೆ ಸ್ಕ್ಯಾನಿನಲ್ಲಿ ಮತ್ತೊಂದು ಕಲೆ ಕಂಡರೆ, ಬೀದರ್ ಜಿಲ್ಲೆಯ ಔರಾದ ಸೀಮೆಯ ಡಾಬಕಾದಂಥ ಊರಲ್ಲಿ ಈ ಹುಡುಕಾಟ ಅಡುಗೆಮನೆಯಿಂದ ಗುಡಿಯ ಕಟ್ಟೆಯವರೆಗೆ ನಡೆಯುತ್ತದೆ. ನೋಡಲು ಬಂದವರು ಪ್ರೀತಿಯಿಂದಲೇ ಹೇಳುತ್ತಾರೆ: "ಧೈರ್ಯ ಬಿಡಬ್ಯಾಡ್ರಿ ಅವ್ವಾ. ದೇವರ ಮ್ಯಾಲ ಭಾರ ಹಾಕ್ರಿ. ನಂಬಿಕಿ ಇದ್ದರ ಎಲ್ಲಾ ಆರಾಮ ಆಗ್ತದ." ಹೇಳುವವರ ಒಳ್ಳೆಯತನದಲ್ಲಿ ನನಗೆ ಸಂಶಯವಿಲ್ಲ. ಆದರೆ ಆರಾಮ ಆಗದಿದ್ದರೆ ನಂಬಿಕೆಯೇ ಸಾಲಲಿಲ್ಲ ಎಂಬ ಅರ್ಥವೂ ಆ ಮಾತಿನೊಳಗೇ ಇದೆ. ಅದು ಹಾಸಿಗೆ ಹಿಡಿದವರ ಕಿವಿಗೆ ಮಾತ್ರ ಬೀಳುತ್ತದೆ.

ಚಿಕಿತ್ಸೆ ಕೈಕೊಟ್ಟಾಗ ನಂಬಿಕೆ ಉಳಿಸಿಕೊಳ್ಳುವ ಹೊಣೆಯನ್ನು ರೋಗಿಯ ಮೇಲೆ ಹೊರಿಸಬಾರದು ಎಂಬುದು ನನ್ನ ವಾದ. ಆ ಹೊಣೆ ಸುತ್ತ ನಿಂತವರದು. ಅವರೂ ಅದನ್ನು ತೀರಿಸಬೇಕಾದ್ದು ಕೆಲಸದಿಂದ.

ಮೊದಲು ರೋಗದ ಮಾತು. ಒಂದು ಸೆಂಟಿಮೀಟರ್ ಅಗಲದ ಗಡ್ಡೆಯಲ್ಲಿ ಸುಮಾರು ನೂರು ಕೋಟಿ ಜೀವಕೋಶಗಳಿರುತ್ತವೆ ಎಂದು ವೈದ್ಯರ ಅಂದಾಜು. ಔಷಧಿ ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ಕೊಂದರೂ ಒಂದು ಕೋಟಿ ಉಳಿಯುತ್ತದೆ, ಆದರೆ ಸ್ಕ್ಯಾನಿನಲ್ಲಿ ಏನೂ ಕಾಣದಿರಬಹುದು. ಉಳಿದವುಗಳಲ್ಲಿ ಕೆಲವು ಆ ಔಷಧಿಗೆ ಜಗ್ಗದವು. ಅವೇ ಮುಂದೆ ಬೆಳೆಯುತ್ತವೆ. ಮೊದಲ ಸಲ ಕರಗಿದ ಗಡ್ಡೆ ಎರಡನೇ ಸಲ ಅದೇ ಔಷಧಿಗೆ ಬಗ್ಗದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಸಣ್ಣ ಹಿನ್ನಡೆಗಳದ್ದೂ ಇದೇ ಕಥೆ. ಮೂರು ವಾರಕ್ಕೊಮ್ಮೆ ಕೊಡುವ ಕೀಮೋದಲ್ಲಿ ಬಿಳಿ ರಕ್ತಕಣಗಳು ನಡುವಿನ ವಾರಗಳಲ್ಲಿ ಕುಸಿಯುತ್ತವೆ. ಅವು ಸಮಯಕ್ಕೆ ಮೇಲೇಳದಿದ್ದರೆ "ಕೌಂಟ್ ಕಡಿಮಿ ಅದ, ಮುಂದಿನ ವಾರ ಬರ್ರಿ" ಎಂದು ಕಳಿಸುತ್ತಾರೆ. ನಸುಕಿನಲ್ಲಿ ಎದ್ದು ಬಸ್ಸು ಹಿಡಿದು ಹೋದವರು ಬರಿಗೈಯಲ್ಲಿ ಮರಳಿದಾಗ ಮನೆ ಇಡೀ ಕುಗ್ಗುತ್ತದೆ. ಅಲ್ಲಿ ಆದದ್ದು ಎಲುಬಿನ ಮಜ್ಜೆಗೆ ಇನ್ನಷ್ಟು ದಿನ ಬೇಕಾದದ್ದು, ಅಷ್ಟೆ. ಪಾಪ, ಪೂರ್ವಜನ್ಮ, ಅತ್ತ ಕಣ್ಣೀರು, ಮರೆತ ಹರಕೆ ಯಾವುದೂ ಈ ಲೆಕ್ಕದಲ್ಲಿ ಬರುವುದಿಲ್ಲ.

ಭಕ್ತರು ಇದಕ್ಕೆ ಒಪ್ಪದಿದ್ದರೆ ಅವರದೇ ಪರಂಪರೆಯಿಂದ ಉತ್ತರ ಹುಡುಕೋಣ. ರಮಣ ಮಹರ್ಷಿಗಳ ಎಡತೋಳಿನಲ್ಲಿ ಗಡ್ಡೆ ಕಂಡಿತು. 1949ರ ಒಂದೇ ವರ್ಷದಲ್ಲಿ ನಾಲ್ಕು ಸಲ ಶಸ್ತ್ರಚಿಕಿತ್ಸೆ ನಡೆಯಿತು, ರೇಡಿಯಂ ಕೊಟ್ಟರು. ಪ್ರತಿ ಸಲವೂ ಅದು ತಿರುಗಿ ಬಂತು. 1950ರ ಏಪ್ರಿಲ್ 14ರಂದು ಅವರು ತೀರಿಕೊಂಡರು. ರಾಮಕೃಷ್ಣ ಪರಮಹಂಸರಿಗೆ 1885ರಲ್ಲಿ ಕಂಡ ಗಂಟಲ ಕ್ಯಾನ್ಸರ್ ಮರುವರ್ಷ ಆಗಸ್ಟ್ 16ಕ್ಕೆ ಅವರನ್ನು ಕೊಂಡೊಯ್ಯಿತು. ಇವರಿಬ್ಬರ ಭಕ್ತಿ ಸಾಲಲಿಲ್ಲ, ಇವರು ನಂಬಿಕೆ ಸಡಿಲಿಸಿದರು ಎಂದು ಯಾವ ಭಕ್ತನೂ ಹೇಳುವುದಿಲ್ಲ, ಹಾಗೆ ಯೋಚಿಸಲೂ ಅವನ ಮನಸ್ಸು ಒಪ್ಪುವುದಿಲ್ಲ. ಮಹಾತ್ಮರಿಗೆ ಕೊಡುವ ಈ ನ್ಯಾಯವನ್ನು ಹೊಲದಲ್ಲಿ ದುಡಿದು ಬದುಕಿದ ಒಬ್ಬ ಹೆಣ್ಣುಮಗಳಿಗೆ ಯಾಕೆ ಕೊಡಲಾರೆವು? ಆಕೆಯ ಗಡ್ಡೆಯೂ ಅವರ ಗಡ್ಡೆಯ ಹಾಗೆ ಭಕ್ತಿಯನ್ನು ಕೇಳಿ ಬೆಳೆದದ್ದಲ್ಲ.

ದೇವರನ್ನು ಬಿಟ್ಟು 'ಪಾಸಿಟಿವ್ ಆಗಿರಿ' ಎನ್ನುವ ಹೊಸ ಕಾಲದವರೂ ಇದೇ ಭಾರವನ್ನು ಬೇರೆ ಬಟ್ಟೆ ತೊಡಿಸಿ ಹೊರಿಸುತ್ತಾರೆ. ಸಂಶೋಧಕ ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು 2007ರಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ 1,093 ರೋಗಿಗಳ ಮಾಹಿತಿಯನ್ನು ಪರೀಕ್ಷಿಸಿದರು. ಮನಸ್ಸಿನ ನೆಮ್ಮದಿಗೂ ಎಷ್ಟು ಕಾಲ ಬದುಕಿದರು ಎಂಬುದಕ್ಕೂ ಸಂಬಂಧ ಕಾಣಲಿಲ್ಲ. ನನ್ನ ಪಾಲಿಗೆ ಇದು ಬಿಡುಗಡೆಯ ಸುದ್ದಿ. ಅಳಬೇಕೆನಿಸಿದವರು ಅಳಬಹುದು. ಒಂದು ದಿನ ದೇವರ ಮೇಲೆ ಸಿಟ್ಟಾಗಬಹುದು, ಗೋಡೆ ಕಡೆ ಮುಖ ಮಾಡಿ ಮಲಗಬಹುದು. ಅದರಿಂದ ಗಡ್ಡೆ ಹಿಗ್ಗುವುದಿಲ್ಲ.

ಹಾಗಾದರೆ ಪ್ರಾರ್ಥನೆಯಿಂದ ಏನೂ ಇಲ್ಲವೇ? 2006ರಲ್ಲಿ ಅಮೆರಿಕದ ಹರ್ಬರ್ಟ್ ಬೆನ್ಸನ್ ತಂಡ ಹೃದಯದ ಬೈಪಾಸ್ ಮಾಡಿಸಿಕೊಂಡ 1,802 ಜನರ ಮೇಲೆ ನಡೆಸಿದ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಅಪರಿಚಿತರು ಅವರಿಗಾಗಿ ಪ್ರಾರ್ಥಿಸಿದ್ದರಿಂದ ತೊಡಕುಗಳು ಕಡಿಮೆಯಾಗಲಿಲ್ಲ. ತಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತಿದೆ ಎಂದು ತಿಳಿದಿದ್ದವರಲ್ಲಿ 59 ಶೇಕಡ ಜನ ತೊಡಕು ಅನುಭವಿಸಿದರೆ, ಖಚಿತವಾಗಿ ತಿಳಿಯದೆ ಪ್ರಾರ್ಥನೆ ಪಡೆದವರಲ್ಲಿ ಅದು 52 ಶೇಕಡ. ನಾಸ್ತಿಕರು ಇದನ್ನು ಹಿಡಿದು ಭಕ್ತಿ ಸೋತಿತು ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಆ ಪ್ರಯೋಗ ಪರೀಕ್ಷಿಸಿದ್ದು ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಒಬ್ಬನಿಗಾಗಿ ದೂರದಲ್ಲಿ ಕೂತು ಫಲ ಕೇಳುವುದನ್ನು. ನಮ್ಮ ಕಡೆಯ ತಾಯಿ ಮಗನಿಗಾಗಿ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಹೋಗುವುದು, ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರು ಹಾಯುವುದು, ತುಳಜಾಪುರಕ್ಕೆ ನಡೆಯುವುದು ಬೇರೆಯೇ ಬಗೆಯದು. ಡಾಕ್ಟರಿಗೆ ಕೀಮೋ ಕೊಡುವ ಕೆಲಸವಿದೆ, ಮನೆಯ ಉಳಿದವರಿಗೆ ದುಡ್ಡು ಹೊಂದಿಸುವ ಕೆಲಸವಿದೆ. ಕೈಲಾಗದೆ ಕೂತ ಮುದುಕಿಗೆ ಏನು ಉಳಿಯಿತು? ಅವಳ ಕಾಲಿಗೆ ನಡೆಯಲು ಒಂದು ದಾರಿ ಬೇಕು. ಹರಕೆ ಆ ದಾರಿ ಕೊಡುತ್ತದೆ. ಅದನ್ನು ಮೂಢನಂಬಿಕೆ ಎಂದು ಕಿತ್ತುಕೊಳ್ಳುವವರ ಜೊತೆ ನಾನಿಲ್ಲ. ದೇವರ ಜೊತೆ ಕರಾರು ಮಾಡಿಕೊಂಡು, ಆ ಕರಾರು ಮುರಿದಾಗ ಕಾರಣ ರೋಗಿಯೇ ಎನ್ನುವವರ ಜೊತೆಯೂ ನಾನಿಲ್ಲ.

ನಂಬಿಕೆಯನ್ನು ಕೆಲಸದಿಂದ ತೋರಿಸುವುದು ಈ ನೆಲಕ್ಕೆ ಹೊಸ ವಿಚಾರವೇನಲ್ಲ. ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ಹನ್ನೆರಡನೇ ಶತಮಾನದ ಶರಣರು ಭಕ್ತಿಯನ್ನು ಕಾಯಕ ಮತ್ತು ದಾಸೋಹದಲ್ಲಿ ಕಂಡರು. ಗುಡಿಯ ಮುಂದೆ ಕೇಳಿ ಪಡೆಯುವುದಕ್ಕಿಂತ ಎದುರಿಗಿರುವವರಿಗೆ ಮಾಡಿ ನೀಡುವುದನ್ನು ದೊಡ್ಡದೆಂದರು. ಕ್ಯಾನ್ಸರ್ ಬಂದ ಮನೆಯಲ್ಲಿ ಆ ತತ್ವದ ಅರ್ಥ ಬಹಳ ಸ್ಪಷ್ಟ: ವಾಂತಿಯ ಬೋಗುಣಿ ಹಿಡಿಯುವ ಕೈ ನಂಬಿಕೆಯದೇ ಕೈ.

ನಕ್ಷೆ ನೋಡಿದರೆ ಇದು ಇನ್ನಷ್ಟು ಅರ್ಥವಾಗುತ್ತದೆ. ಡಾಬಕಾ ಸೀಮೆಯ ಜನಕ್ಕೆ ದವಾಖಾನಿ ಎಂದರೆ ಒಮ್ಮೆ ಉದಗೀರ, ಒಮ್ಮೆ ಲಾತೂರ, ಒಮ್ಮೆ ಬೀದರಿನ ಬ್ರಿಮ್ಸ್. ಬಯಾಪ್ಸಿಯ ರಿಪೋರ್ಟು ಕೈಗೆ ಬಂದಮೇಲೆ ಮಾತ್ರ ಹೆಚ್ಚಿನವರ ಮುಖ ಹೈದರಾಬಾದಿನ ಕಡೆ ತಿರುಗುತ್ತದೆ. ಬೀದರಿನಿಂದ ಅದು ಸುಮಾರು 140 ಕಿಲೋಮೀಟರ್. ಅಲ್ಲಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ 1955ರಲ್ಲಿ ಶುರುವಾದಾಗ ಬೀದರ್ ಕೂಡ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಮರುವರ್ಷ ನವೆಂಬರ್ 1ಕ್ಕೆ ರಾಜ್ಯ ಬೇರೆಯಾಯಿತು, ರೋಗಿಗಳ ದಾರಿ ಬದಲಾಗಲಿಲ್ಲ. ನಮ್ಮ ರಾಜ್ಯದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇರುವುದು ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಅದರ ಕಲಬುರಗಿ ಕೇಂದ್ರ ಹತ್ತಿರದ್ದು, ಅದರಲ್ಲೂ 2017ರಲ್ಲಿ ಬೀದರ್-ಕಲಬುರಗಿ ರೈಲು ಓಡತೊಡಗಿದ ಮೇಲೆ. ನಮ್ಮ ಜನ 'ಕರೆಂಟ್ ಕೊಡೋದು' ಎನ್ನುವ ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುವುದುಂಟು. ಅಷ್ಟು ದಿನ ರೋಗಿಯ ಜೊತೆ ಒಬ್ಬರು ಪರಊರಲ್ಲಿರಬೇಕು, ಇನ್ನೊಬ್ಬರು ಊರಲ್ಲಿ ಎಮ್ಮೆ ಹಿಂಡಬೇಕು, ಮತ್ತೊಬ್ಬರು ಸೋಯಾ ರಾಶಿ ಮಾಡಿ ಮಳೆ ಬರುವ ಮೊದಲು ಚೀಲ ಕಟ್ಟಬೇಕು. ಕಾಕಾನ ಮಗ ರಕ್ತ ಕೊಡಬೇಕು, ತವರಿನವರು ಸಾಲ ಕೊಡಬೇಕು. ಕುಟುಂಬದ ಆಸರೆ ಎನ್ನುವುದು ಈ ಕೆಲಸಗಳ ಒಟ್ಟು ಹೆಸರು.

ಇದರ ಫಲ ಆಯುಷ್ಯದಲ್ಲೂ ಕಾಣುತ್ತದೆ. ಅಮೆರಿಕದಲ್ಲಿ 7 ಲಕ್ಷ 34 ಸಾವಿರಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮದುವೆಯಾಗಿ ಸಂಗಾತಿ ಇದ್ದವರು ಹೆಚ್ಚು ಕಾಲ ಬದುಕಿದ್ದರು. ರೋಗ ಹರಡುವ ಮುಂಚೆ ಅವರು ಆಸ್ಪತ್ರೆ ಸೇರಿದ್ದರು, ಸರಿಯಾದ ಚಿಕಿತ್ಸೆಯನ್ನೂ ಹೆಚ್ಚಾಗಿ ಪಡೆದಿದ್ದರು. ಪ್ರೀತಿ ಜೀವಕೋಶವನ್ನು ಕೊಲ್ಲಲಿಲ್ಲ. "ಆ ಗಂಟು ತೋರಿಸಿಕೊಂಡು ಬಾ ನಡಿ" ಎಂದು ಗದರಿಸಿತು, ಜೊತೆಗೆ ಹೋಯಿತು. ಪ್ರೀತಿಗೆ ದುಡ್ಡಿನ ಬೆನ್ನೂ ಬೇಕು. ಕರ್ನಾಟಕ ಸರ್ಕಾರ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ತಂದದ್ದು ನಮ್ಮ ಕಲಬುರಗಿ ವಿಭಾಗಕ್ಕೆ. ಉತ್ತರದಲ್ಲಿ ಯೋಜನೆ ಸಿಕ್ಕ ಹಳ್ಳಿಗಳನ್ನು ಅದು ಸಿಗದ ನೆರೆಯ ಹಳ್ಳಿಗಳೊಂದಿಗೆ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯಿದ್ದ ಕಡೆಯ ಬಡ ಮನೆಗಳಲ್ಲಿ ಹೃದಯರೋಗ, ಕ್ಯಾನ್ಸರ್ ಮುಂತಾದ ಅದರ ವ್ಯಾಪ್ತಿಯ ಕಾಯಿಲೆಗಳಿಂದ ಸತ್ತವರು 0.32 ಶೇಕಡ, ಇಲ್ಲದ ಕಡೆ 0.90 ಶೇಕಡ. 'ದೇವರಿಚ್ಛೆ' ಎಂದು ನಾವು ಕೈ ಮುಗಿದು ಬಿಟ್ಟ ಎಷ್ಟೋ ಸಾವುಗಳು ದುಡ್ಡಿಲ್ಲದ್ದರ ಸಾವುಗಳಾಗಿದ್ದವು. ದೇವರ ಹೆಸರಿಗೆ ಆ ಅಪವಾದ ಹೊರಿಸಿದ್ದು ನನಗೆ ಭಕ್ತಿಯ ಕೊರತೆಯಾಗಿಯೇ ಕಾಣುತ್ತದೆ.

ಕುಟುಂಬವನ್ನು ಹೊಗಳುವಾಗ ಒಂದು ಮಾತು ನುಂಗಬಾರದು. ಗಂಡಸಿಗೆ ರೋಗ ಬಂದರೆ ಜೊತೆಗೆ ಹೊರಡುವವಳು ಹೆಂಡತಿ ಎಂಬುದರಲ್ಲಿ ಚರ್ಚೆಯೇ ಇರುವುದಿಲ್ಲ. ಹೆಂಗಸಿಗೆ ಬಂದರೆ ಯಾರು ಹೊರಡಬೇಕೆಂಬ ಚರ್ಚೆ ಏಳುತ್ತದೆ. ಎದೆಯ ಗಂಟನ್ನು ರಾಶಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ಸೆರಗಿನಡಿ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದವಳ ತ್ಯಾಗವನ್ನು ನಾವು ಕಣ್ಣೀರಿಟ್ಟು ಕೊಂಡಾಡುತ್ತೇವೆ. ಆ ತ್ಯಾಗವನ್ನು ಕೇಳಿದ ಮನೆ ನಮ್ಮದೇ. ಆಕೆಗೆ ಚಿಕಿತ್ಸೆ ತಡವಾಗಿ ಶುರುವಾಗಿ ಫಲಿಸದೆ ಹೋದರೆ ಆಗಲೂ ಅವಳ ನಂಬಿಕೆಯ ಮಾತು ತೆಗೆಯುವುದು ಅನ್ಯಾಯದ ಮೇಲೆ ಅನ್ಯಾಯ.

ಇನ್ನು ಸತ್ಯದ ಪ್ರಶ್ನೆ. ಹಿನ್ನಡೆಯಾದಾಗ ನಮ್ಮ ಮನೆಗಳು ಮೊದಲು ಮಾಡುವ ಕೆಲಸ ಬಾಗಿಲ ಹೊರಗೆ ಡಾಕ್ಟರನ್ನು ತಡೆದು "ಅಪ್ಪಗ ಹೇಳಬ್ಯಾಡ್ರಿ ಸಾಬ್, ಎದಿ ಒಡಕೋತಾರ" ಎನ್ನುವುದು. ಇದು ಹೇಡಿತನವಲ್ಲ, ಅವರನ್ನು ಕಾಯುವ ಆಸೆ. ಆದರೂ ಇದು ತಪ್ಪು ಎಂದೇ ನನ್ನ ನಿಲುವು. ಅಪ್ಪನಿಗೆ ತನ್ನ ಮೈ ಹೇಳುತ್ತಿರುತ್ತದೆ. ಮಕ್ಕಳ ಮುಖ ಹೇಳುತ್ತಿರುತ್ತದೆ. ಬಾಯಿ ಮಾತ್ರ ಬೇರೆ ಹೇಳಿದಾಗ ಆತ ಒಬ್ಬಂಟಿಯಾಗುತ್ತಾನೆ, ತುಂಬಿದ ಮನೆಯಲ್ಲಿ. ತನಗೆ ಗೊತ್ತಿದೆ ಎಂಬುದನ್ನು ಅವನೂ ಮಕ್ಕಳಿಂದ ಮುಚ್ಚಿಡತೊಡಗುತ್ತಾನೆ. ಹೊಲದ ಪಾಲು, ಸಾಲದ ಲೆಕ್ಕ, ತಮ್ಮನ ಜೊತೆ ಮುರಿದ ಮಾತು ಯಾವುದನ್ನೂ ಸರಿಪಡಿಸಲು ಅವಕಾಶ ಸಿಗುವುದಿಲ್ಲ. ಎಲ್ಲವನ್ನೂ ಒಂದೇ ದಿನ ಸುರಿಯಬೇಕಿಲ್ಲ. ಅವರು ಕೇಳಿದಷ್ಟು, ಕೇಳಿದಾಗ, ಪಕ್ಕದಲ್ಲಿ ಕೂತು ಹೇಳಬೇಕು. ಕೇಳಲು ಇಷ್ಟವಿಲ್ಲ ಎಂದರೆ ಅದನ್ನೂ ಗೌರವಿಸಬೇಕು. ಆದರೆ ಆ ಆಯ್ಕೆ ಅವರದಾಗಿರಬೇಕು.

ಸತ್ಯ ಮುಚ್ಚಿಟ್ಟ ಮನೆಯಲ್ಲಿ ನಂಬಿಕೆಯೂ ದಾರಿ ತಪ್ಪುತ್ತದೆ. ಉಲ್ಬಣಗೊಂಡ ಕ್ಯಾನ್ಸರಿನ 345 ರೋಗಿಗಳನ್ನು ಕೊನೆಯವರೆಗೆ ಅನುಸರಿಸಿದ ಅಧ್ಯಯನವೊಂದು 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಧರ್ಮವನ್ನು ಹೆಚ್ಚಾಗಿ ಆಶ್ರಯಿಸಿದವರು ಕೊನೆಯ ವಾರದಲ್ಲಿ ವೆಂಟಿಲೇಟರ್, ಐಸಿಯುಗಳಂಥ ತೀವ್ರ ಚಿಕಿತ್ಸೆಗೆ ಒಳಗಾದದ್ದು ಉಳಿದವರಿಗಿಂತ ಸುಮಾರು ಮೂರು ಪಟ್ಟು. ದೇವರನ್ನು ನಂಬಿದವರೇ ಸಾವಿನ ಎದುರು ಯಂತ್ರವನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಪವಾಡಕ್ಕೆ ಇನ್ನೊಂದು ದಿನ ಕೊಡಬೇಕು ಎನ್ನುವ ಆಸೆ ಅದರ ಹಿಂದೆ ಇರಬಹುದು. ಚಿಕಿತ್ಸೆ ನಿಲ್ಲಿಸು ಎಂದವರು ದೇವರಲ್ಲಿ ವಿಶ್ವಾಸ ಕಳೆದುಕೊಂಡವರು ಎಂಬ ಅಪವಾದದ ಭಯವೂ ಇರಬಹುದು.

ನಿಲ್ಲಿಸುವುದೆಂದರೆ ಕೈಬಿಡುವುದಲ್ಲ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲೇ ಪುರಾವೆ ಇದೆ. ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳಲ್ಲಿ ಕೆಲವರಿಗೆ ಮೊದಲಿನಿಂದಲೇ ನೋವು-ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯನ್ನು ಚಿಕಿತ್ಸೆಯ ಜೊತೆಗೇ ಕೊಟ್ಟು ನೋಡಿದ ವೈದ್ಯೆ ಜೆನಿಫರ್ ಟೆಮೆಲ್ ತಂಡ 2010ರಲ್ಲಿ ವರದಿ ಮಾಡಿತು. ಅವರ ದಿನಗಳು ಹೆಚ್ಚು ಹಸನಾಗಿದ್ದವು, ಕೊನೆಗಾಲದ ತೀವ್ರ ಚಿಕಿತ್ಸೆ ಕಡಿಮೆಯಾಗಿತ್ತು, ಆದರೂ ಅವರು ಬದುಕಿದ ಅವಧಿ ಹೆಚ್ಚು: 8.9 ತಿಂಗಳ ಬದಲು 11.6 ತಿಂಗಳು. ಭಾರತದಲ್ಲಿ ಮಾರ್ಫಿನ್ ಸಿಗುವುದನ್ನು ಸುಲಭ ಮಾಡಲು 2014ರಲ್ಲಿ ಮಾದಕ ದ್ರವ್ಯ ಕಾನೂನನ್ನೇ ತಿದ್ದಿದ್ದಾರೆ. ನಮ್ಮವರು ಹೋಗುವ ಎಂಎನ್‌ಜೆಯಲ್ಲೂ, ಕಿದ್ವಾಯಿಯಲ್ಲೂ ನೋವು ಶಮನಕ್ಕೆಂದೇ ವಿಭಾಗಗಳಿವೆ. ಎಲ್ಲ ಮುಗಿದ ಮೇಲೆ ಕೊನೆಗೆ ಹೋಗುವ ಜಾಗ ಅದು ಎಂದುಕೊಳ್ಳದೆ, ಮೊದಲ ಹಿನ್ನಡೆಯಾದ ದಿನವೇ ಅದರ ಬಾಗಿಲು ಕೇಳಬೇಕು. ರಾತ್ರಿ ನೋವಿನಿಂದ ನರಳುವವರ ಹಾಸಿಗೆಯ ಪಕ್ಕ ಸ್ತೋತ್ರ ಓದುವ ಕೈ, ಹೊತ್ತಿಗೆ ಸರಿಯಾಗಿ ಮಾರ್ಫಿನ್ ಗುಳಿಗೆಯನ್ನೂ ಕೊಡಲಿ. ಎರಡಕ್ಕೂ ಜಗಳವಿಲ್ಲ.

ಮುಂದಿನ ಸುತ್ತು ಕೀಮೋ ಬೇಡ ಎಂದು ಒಂದು ದಿನ ಹಾಸಿಗೆ ಹಿಡಿದ ತಾಯಿಯೇ ಹೇಳಬಹುದು. ಅದನ್ನು ದೇವರ ಮೇಲಿನ ಮುನಿಸೆಂದಾಗಲಿ, ಸೋಲೆಂದಾಗಲಿ ತಿಳಿಯದೆ, "ಯಾಕ ಅವ್ವಾ, ಏನು ಬೇಕು ನಿನಗ?" ಎಂದು ಕೇಳಬೇಕು. ಮೊಮ್ಮಗನ ಜವಳಕ್ಕೆ ಎದ್ದು ಕೂತಿರಬೇಕು, ಅವತ್ತು ವಾಂತಿ ಇರಬಾರದು ಎಂದು ಆಕೆ ಅಂದರೆ, ಮಗ ಆ ಮಾತನ್ನು ಸ್ಕ್ಯಾನಿನ ಫೈಲಿನ ಜೊತೆಗೇ ಒಯ್ದು ಡಾಕ್ಟರ ಮುಂದೆ ಇಡಬೇಕು. ಯಾವ ಔಷಧಿ ನಿಲ್ಲಿಸಬೇಕು, ಯಾವುದನ್ನು ಮುಂದಕ್ಕೆ ಹಾಕಬೇಕು, ನೋವಿಗೆ ಎಷ್ಟು ಕೊಡಬೇಕು ಎಂದು ಲೆಕ್ಕ ಹಾಕಲು ಡಾಕ್ಟರಿಗೆ ಆ ತಾರೀಖು ಬೇಕು.