ಮಹಾಮಾರಿಯೂ ದಾಸೋಹಧರ್ಮವೂ



ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಮಹಾಶರಣೆ ಲಕ್ಕಮ್ಮನವರು ಅದನ್ನು ಒಳಗಿಡಲೊಪ್ಪದೆ, ಮಿಕ್ಕುದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರೆಂಬುದನ್ನು ತಾವೆಲ್ಲರೂ ಬಲ್ಲಿರಿ. ಅದು ಕದ್ದ ಅಕ್ಕಿಯಲ್ಲ. ಆದರೂ ಅದು ದೋಷವೆನಿಸಿದುದೇಕೆ? ಅಂದಿನ ಅಗತ್ಯವನ್ನು ಮೀರಿದುದು ಮತ್ತೊಬ್ಬರ ಪಾಲಾದುದರಿಂದ. ನಮ್ಮ ಕಾಲದಲ್ಲಿ ಈ ತತ್ತ್ವದ ತೂಕವನ್ನು ಕೋವಿಡ್ ಮಹಾಮಾರಿಯು ತೋರಿಸಿಕೊಟ್ಟಿತು.

ಭಾರತದಲ್ಲಿ ಆ ರೋಗದಿಂದ ಮೃತರಾದವರೆಂದು ದಾಖಲಾದ ಮೊದಲಿಗರು, 2020ರ ಮಾರ್ಚ್ ತಿಂಗಳಲ್ಲಿ, ನಮ್ಮ ಕಲಬುರಗಿಯವರೇ. ಮರುವರ್ಷ ಎರಡನೆಯ ಅಲೆಯೆದ್ದಾಗ, ಮೇ 5ರ ಒಂದೇ ದಿನ ಕರ್ನಾಟಕದಲ್ಲಿ 50,112 ಮಂದಿಯ ಸೋಂಕು ವರದಿಯಾಯಿತು. ಅದಕ್ಕೆ ಎರಡು ದಿನ ಮೊದಲು ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ, ಆಮ್ಲಜನಕದ ಕೊರತೆಯ ನಡುವೆ, ಒಂದು ದಿನದೊಳಗೆ 24 ರೋಗಿಗಳು ಅಸುನೀಗಿದ ಸುದ್ದಿ ನಾಡನ್ನೇ ನಡುಗಿಸಿತು.

ಇದರ ಲೆಕ್ಕವನ್ನು ಗೃಹಸ್ಥರು ಅರಿತಿರಬೇಕು. ದೊಡ್ಡ ಸಿಲಿಂಡರೊಂದು ಸುಮಾರು 7,000 ಲೀಟರು ಆಮ್ಲಜನಕವನ್ನು ಹಿಡಿಯುತ್ತದೆ. ನಿಮಿಷಕ್ಕೆ 10 ಲೀಟರು ಬೇಕಾದ ರೋಗಿಗೆ ಅದು 12 ಗಂಟೆಗೂ ಸಾಲದು. 60 ಲೀಟರು ಬೇಕಾದವರಿಗೆ ಎರಡು ಗಂಟೆಯೊಳಗೆ ಬರಿದಾಗುತ್ತದೆ. ಅಂತಹ ಹೊತ್ತಿನಲ್ಲಿ ಮುಂದೇನಾದೀತೋ ಎಂದು ಮನೆಯ ಮೂಲೆಯಲ್ಲಿ ನಿಲ್ಲಿಸಿಕೊಂಡ ಸಿಲಿಂಡರು, ಉಸಿರು ಸರಾಗವಾಗಿದ್ದವರು ಹಿಡಿದಿಟ್ಟ ಹಾಸಿಗೆ, ಇವು ಮಾರಯ್ಯನವರ ಮಿಗಿಲಾದ ಅಕ್ಕಿಯೇ ಅಲ್ಲವೆ? ಹಾಗೆ ಮಾಡಿದವರು ದುಷ್ಟರೇನಲ್ಲ. ಮನೆಯಲ್ಲಿ ವೃದ್ಧ ತಾಯಿಯಿರುವ ಮಗನಿಗೆ ಅಂಜಿಕೆ ಸಹಜ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದವಳೂ ಒಬ್ಬ ಮಗನ ತಾಯಿಯೇ.

ಹಾಸಿಗೆಗಳನ್ನು ಒಂದು ವಾರದಲ್ಲಿ ಹೆಚ್ಚಿಸಬಹುದು. ನುರಿತ ದಾದಿಯರನ್ನು ಹೆಚ್ಚಿಸಲಾಗದು. ತೀವ್ರನಿಗಾ ಘಟಕದಲ್ಲಿ ಒಬ್ಬ ದಾದಿ ಒಬ್ಬಿಬ್ಬರನ್ನು ಮಾತ್ರ ಚೆನ್ನಾಗಿ ನೋಡಿಕೊಳ್ಳಬಲ್ಲರು. ಅವರ ಪಾಲಿಗೆ ನಾಲ್ಕೈದು ಮಂದಿ ಬಂದರೆ, ರೋಗವೂ ಔಷಧವೂ ಅವೇ ಆಗಿದ್ದರೂ ಬದುಕುಳಿಯುವವರು ಕಡಿಮೆಯಾಗುತ್ತಾರೆ. ಅನ್ಯರೋಗದವರ ಪಾಡೂ ಇದರಲ್ಲಿ ಸೇರಿದೆ. 2019ರಲ್ಲಿ ಭಾರತದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು. 2020ರಲ್ಲಿ ಸುಮಾರು 18 ಲಕ್ಷ. ಕ್ಷಯವು ಕಡಿಮೆಯಾಗಿರಲಿಲ್ಲ; ರೋಗಿಯು ವೈದ್ಯರನ್ನು ತಲಪುವ ದಾರಿ ಮುಚ್ಚಿತ್ತು.

ಅಗತ್ಯ ಮೀರಿದುದು ಪಡೆದವರಿಗೂ ಹಿತವಲ್ಲ. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಔಷಧವು ವೆಂಟಿಲೇಟರಿನಲ್ಲಿದ್ದವರ ಸಾವನ್ನು ಸುಮಾರು ಮೂರರಲ್ಲೊಂದು ಪಾಲು ತಗ್ಗಿಸಿತೆಂದೂ, ಆಮ್ಲಜನಕ ಬೇಡದವರಿಗೆ ಅದರಿಂದ ಪ್ರಯೋಜನವಿಲ್ಲವೆಂದೂ 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗವು ತೋರಿಸಿತು. ಆದರೂ ಅಂತಹ ಸ್ಟೀರಾಯ್ಡ್ ಔಷಧಗಳನ್ನು ಭಯದಿಂದ ಸೇವಿಸಿದವರುಂಟು. 2021ರಲ್ಲಿ ಹಬ್ಬಿದ ಕಪ್ಪು ಶಿಲೀಂಧ್ರರೋಗಕ್ಕೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯೊಡನೆ ಈ ಅತಿಬಳಕೆಯೂ ಕಾರಣವಾಯಿತು. ಒಬ್ಬರಿಗೆ ಸಂಜೀವಿನಿಯಾದುದು ಮತ್ತೊಬ್ಬರಿಗೆ ವಿಷವಾಯಿತು.

ಆದುದರಿಂದ ತ್ಯಾಗವೆಂಬ ನೆಪದಲ್ಲಿ ರೋಗವನ್ನು ಮುಚ್ಚಿಡಬೇಕೆಂದು ನಾವು ಹೇಳುವುದಿಲ್ಲ. ಲಕ್ಕಮ್ಮನವರೂ ಅಂದಿನ ದಾಸೋಹಕ್ಕೆ ಬೇಕಾದಷ್ಟು ಅಕ್ಕಿಯನ್ನು ಇಟ್ಟುಕೊಂಡೇ ಮಿಕ್ಕುದನ್ನು ಹಿಂದಿರುಗಿಸಿದರು. ಉಸಿರು ಕಟ್ಟಿದಾಗ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ವೈದ್ಯರು ಮನೆಯಲ್ಲಿರೆಂದಾಗ ಮನೆಯಲ್ಲಿರತಕ್ಕದ್ದು. ಬಳಕೆ ಮುಗಿದ ಸಿಲಿಂಡರನ್ನು ಅಂದೇ ಮರಳಿಸತಕ್ಕದ್ದು. ಆ ಮಹಾಮಾರಿಯ ತುರ್ತುಸ್ಥಿತಿ 2023ರ ಮೇ ತಿಂಗಳಲ್ಲಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮತ್ತೊಂದು ಬಾರದೆಂದು ಹೇಳಬಲ್ಲವರಾರು? ಅದು ಬಂದ ದಿನ ಗಾಬರಿಯಲ್ಲಿ ಕಲಿಯುವ ಪಾಠ ಇದಲ್ಲ. ಇಂದಿನ ಊಟದ ತಟ್ಟೆಯಲ್ಲಿಯೇ, ಸಾಕು ಎನ್ನುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸೋಣ. ಸಾಕೆಂದವರ ಮನೆಯಿಂದ ಮರಳಿದ ಉಸಿರು ಯಾರೋ ಕಾಣದವರ ಪ್ರಾಣಲಿಂಗವನ್ನು ಉಳಿಸೀತು.