ಹುಲ್ಲಿದ್ದರೆ ಹುಲಿ

ಪರಿಚಯದವರೊಬ್ಬರು ಕೆನ್ಯಾದ ಮಸಾಯಿ ಮಾರಾ ನೋಡಿ ಬಂದರು. ನಂಜನಗೂಡು ತಾಲ್ಲೂಕಿನ ಬದನವಾಳಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಒಂದೊಂದೇ ಚಿತ್ರ ತೋರಿಸಿದರು. ಮೊರದಗಲ ಕಿವಿಯ ಆನೆ. ನಮ್ಮ ಆನೆಗೆ ಸೊಂಡಿಲ ತುದಿಯಲ್ಲಿ ಒಂದು ಬೆರಳಾದರೆ ಅದಕ್ಕೆ ಎರಡು. ಜೀಪಿನ ನೆರಳಲ್ಲೇ ಮಲಗಿದ ಸಿಂಹ. ಸೆರೆಂಗೆಟಿ ಕಡೆಯಿಂದ ಮಾರಾ ನದಿ ದಾಟಿ ಬರುವ ವೈಲ್ಡ್‌ಬೀಸ್ಟ್ ಹಿಂಡು. ನನ್ನ ಕಣ್ಣು ಹೋದದ್ದು ಅವುಗಳ ಕಾಲಡಿಗೆ. ನೋಡಿದಷ್ಟು ದೂರಕ್ಕೂ ಹುಲ್ಲು. ಲಕ್ಷಾಂತರ ಪ್ರಾಣಿಗಳು ವರ್ಷವಿಡೀ ನಡೆಯುವುದು, ಹೊಳೆಯಲ್ಲಿ ಮೊಸಳೆಯ ಬಾಯಿಗೆ ಸಿಕ್ಕುವುದು, ಎಲ್ಲ ಮಳೆ ಬಿದ್ದು ಚಿಗುರಿದ ಆ ಹುಲ್ಲಿಗಾಗಿ.

ನಮಗೆ ಸಫಾರಿ ಎಂದರೆ ಬಂಡೀಪುರ. ನಂಜನಗೂಡು, ಗುಂಡ್ಲುಪೇಟೆ ದಾಟಿದರೆ ಸಿಗುವ ಈ ಕಾಡು ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಜಾಗ. 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಸಫಾರಿ ವ್ಯಾನಿನಲ್ಲಿ ಕೂತರೆ ಎಷ್ಟೋ ಕಡೆ ದಾರಿಯ ಎರಡೂ ಬದಿಗೆ ಲಂಟಾನದ ಗೋಡೆ. ಹಳದಿ, ಗುಲಾಬಿ ಬೆರೆತ ಚೆಂದದ ಹೂಗೊಂಚಲು; ಎಲೆ ಹಿಸುಕಿದರೆ ಘಾಟು, ಕೊಂಬೆ ಮುಟ್ಟಿದರೆ ತರಚುವ ಮುಳ್ಳು. ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆಂದು ತಂದ ಅಮೆರಿಕ ಖಂಡದ ಗಿಡವಿದು. ಜಿಂಕೆ, ಕಾಟಿ ಇದಕ್ಕೆ ಬಾಯಿ ಹಾಕುವುದು ಕಡಿಮೆ. ಇದರ ಬುಡದಲ್ಲಿ ಹುಲ್ಲಿಗೆ ಬಿಸಿಲೇ ಇಲ್ಲ. ಕಾಡಿನಲ್ಲಿ ಮೇವು ಸಾಲದ ಆನೆ ರಾಗಿ ಹೊಲಕ್ಕೆ, ಬಾಳೆ ತೋಟಕ್ಕೆ ಬರದೆ ಎಲ್ಲಿಗೆ ಹೋಗಬೇಕು? ನಮ್ಮ ತಾಲ್ಲೂಕಿನ ಹೆಡಿಯಾಲದ ಕಡೆ ರೈತರು ಅಟ್ಟಣೆ ಮೇಲೆ ನಿದ್ದೆಗೆಟ್ಟು ಬೆಳೆ ಕಾಯುವುದರಲ್ಲಿ ಈ ಚೆಂದದ ಹೂವಿನ ಪಾಲೂ ಇದೆ.

ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದೇ ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಹಿಂದೆ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದಾಗ ಇದು ಹೀಗೆ ಹಬ್ಬಿರಲಿಲ್ಲ ಎಂಬುದು ಸೋಲಿಗ ಹಿರಿಯರ ಮಾತು. ಕಾಡು ಬಲ್ಲವರ ಆ ಮಾತಿಗೆ ಬೆಲೆ ಕೊಡಬೇಕು. ಗಾಂಧೀಜಿ ಬಂದುಹೋದ ಖಾದಿ ಕೇಂದ್ರ ನಮ್ಮೂರಿನಲ್ಲಿದೆ. ನೂಲುವ ಕೈಗಳನ್ನು ನೋಡುತ್ತಾ ಬೆಳೆದ ನನಗೆ ಲಂಟಾನ ಹೆಣೆಯುವುದೂ ಅದೇ ಬಳಗದ ಕಸುಬಾಗಿ ಕಾಣುತ್ತದೆ.

ಸಫಾರಿ ಟಿಕೆಟ್ಟಿನ ಹಣದಲ್ಲಿ ಒಂದು ಪಾಲು ಕಾಡಂಚಿನ ಹಳ್ಳಿಗಳಿಗೆ ಲಂಟಾನ ಕೀಳುವ ಕೂಲಿಯಾಗಿ ಸೇರಲಿ. ಬೇರುಸಮೇತ ಕಿತ್ತ ಜಾಗಕ್ಕೆ ಮುಂಗಾರಿಗೆ ಮೊದಲೇ ಹುಲ್ಲಿನ ಬೀಜ ಬೀಳಲಿ. ನೀವು ಬಂಡೀಪುರಕ್ಕೆ ಹೋದಾಗ ಹುಲಿ ಕಾಣಲಿಲ್ಲವೆಂದು ಬೇಸರಪಡಬೇಡಿ. ಹುಲಿಗೆ ಆಹಾರವಾಗುವ ಜಿಂಕೆ, ಕಾಟಿಗೆ ಹುಲ್ಲು ಎಷ್ಟಿದೆ ಎಂದು ನೋಡಿ ಬನ್ನಿ.