ಕಾಯುವಿಕೆಯು ಕಾಯಕವೆ?

ಶಿವಶರಣರು ಲೋಕಕ್ಕೆ ಬೋಧಿಸಿದ ತತ್ತ್ವಗಳಲ್ಲಿ ಕಾಯಕತತ್ತ್ವವು ಮುಖ್ಯವಾದುದು. ಕಾಯವನ್ನು ದುಡಿಸಿ, ಆ ದುಡಿಮೆಯ ಫಲವನ್ನು ದಾಸೋಹಕ್ಕೆ ಸಲ್ಲಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದೇ ಅದರ ಸಾರ. ಆದರೆ ಇಲ್ಲಿ ಒಂದು ಸಂದೇಹವು ತಲೆದೋರುತ್ತದೆ. ಕೆಲವು ವೃತ್ತಿಗಳಲ್ಲಿ ಕೈಗೆ ಕೆಲಸವಿಲ್ಲದೆ ಬಹುದಿನ ಕಾದಿರಬೇಕಾಗುವುದಷ್ಟೆ? ಬಿತ್ತಿದ ಒಕ್ಕಲಿಗನು ಮೊಳಕೆಗಾಗಿ ಕಾಯುತ್ತಾನೆ. ಮರವನ್ನು ಕೊಯ್ಯಿಸಿದ ಬಡಗಿಯು ಹಲಗೆ ಒಣಗುವುದಕ್ಕಾಗಿ ಕಾಯುತ್ತಾನೆ. ಕಾಯವು ದುಡಿಯದ ಈ ಕಾಲವು ಕಾಯಕದಲ್ಲಿ ಸೇರಿದುದೊ, ಅಥವಾ ಆಲಸ್ಯದ ಇನ್ನೊಂದು ಹೆಸರೊ? ಬಾಚಿಕಾಯಕದ ಬಸವಯ್ಯನವರಂತಹ ಮರಗೆಲಸದ ಶರಣರು ಬಾಳಿದ ಪರಂಪರೆಯಲ್ಲಿ ಈ ಪ್ರಶ್ನೆಯನ್ನು ಬಡಗಿಯ ಅಂಗಳದಲ್ಲಿಯೇ ನಿಂತು ವಿಚಾರಿಸುವುದು ಯುಕ್ತವಾಗಿದೆ.

ಹಳಿಯಾಳ-ದಾಂಡೇಲಿಯ ಕಾಡಿನ ಸಾಗವಾನಿ ದಿಮ್ಮಿಯೊಂದು ಗರಗಸಕ್ಕೆ ಸಿಕ್ಕಿ ಹಲಗೆಯಾಯಿತೆಂದು ಭಾವಿಸೋಣ. ಆ ಹಸಿ ಹಲಗೆಯಲ್ಲಿ ನೀರು ಎರಡು ವಿಧವಾಗಿ ಅಡಗಿರುತ್ತದೆ. ಸೂಕ್ಷ್ಮವಾದ ಕೋಶಗಳ ಪೊಳ್ಳಿನಲ್ಲಿ ತುಂಬಿರುವ ನೀರು ಒಂದು. ಕೋಶಗಳ ಗೋಡೆಯಲ್ಲಿಯೇ ಬೆರೆತಿರುವ ನೀರು ಇನ್ನೊಂದು. ಮೊದಲನೆಯದು ಹೋದಾಗ ಮರವು ಹಗುರಾಗುತ್ತದೆ, ಆದರೆ ಸಾಮಾನ್ಯವಾಗಿ ಅದರ ಅಳತೆಯು ಬದಲಾಗುವುದಿಲ್ಲ. ನೀರಿನ ಅಂಶವು ಒಣಮರದ ತೂಕದಲ್ಲಿ ನೂರಕ್ಕೆ ಸುಮಾರು 30ರಿಂದ ಕೆಳಗಿಳಿದ ಮೇಲೆ ಗೋಡೆಯ ನೀರು ಬಿಡತೊಡಗುತ್ತದೆ. ಮರವು ಕುಗ್ಗುವುದು ಆಗಲೇ. ಆ ಕುಗ್ಗುವಿಕೆಯೂ ಎಲ್ಲ ಕಡೆಗೆ ಸಮನಾಗಿರದು. ಉದ್ದಕ್ಕೆ ಅತ್ಯಲ್ಪ, ತಿರುಳಿನಿಂದ ತೊಗಟೆಯ ಕಡೆಗೆ ಅದಕ್ಕಿಂತ ಹೆಚ್ಚು, ಬೆಳವಣಿಗೆಯ ಬಳೆಗಳ ಗುಂಟ ಅದರ ಸುಮಾರು ಇಮ್ಮಡಿ. ಹಲಗೆಯು ಬಾಗುವುದಕ್ಕೂ ತಿರುಚುವುದಕ್ಕೂ ಸೀಳುವುದಕ್ಕೂ ಈ ವೈಷಮ್ಯವೇ ಮುಖ್ಯ ಕಾರಣವು.

ಈ ಕುಗ್ಗುವಿಕೆಯನ್ನು ಯಾರೂ ಇಲ್ಲವೆನಿಸಲಾರರು. ಅದು ಕ್ರಮವಾಗಿ ನಡೆಯುವಂತೆ ಅನುವು ಮಾಡಬಹುದು. ಆದುದರಿಂದ ಬಲ್ಲ ಬಡಗಿಯು ಕೊಯ್ದ ಹಲಗೆಯನ್ನು ಕೊಯ್ದಲ್ಲಿಯೇ ಬಿಡುವುದಿಲ್ಲ. ಹಸಿ ಹಲಗೆಯು ನೋಟಕ್ಕಿಂತ ಬಲು ಭಾರವಾದುದು. ಎರಡು ತುದಿಗೆ ಇಬ್ಬರು ನಿಂತು, ಒಬ್ಬರ ಹೆಜ್ಜೆಯನ್ನು ಇನ್ನೊಬ್ಬರು ಅರಿತು ಅದನ್ನು ಸಾಗಿಸುತ್ತಾರೆ. ಮೇಲಂಟಿದ ಹೊಟ್ಟನ್ನು ಗುಡಿಸಿ ತೆಗೆಯುತ್ತಾರೆ. ಅದು ತೇವವನ್ನು ಹಿಡಿದಿಟ್ಟು ಬೂಷ್ಟಿಗೆ ಎಡೆಗೊಡುತ್ತದೆ. ನೆಲದಿಂದ ಒಂದಡಿಗೆ ಕಡಿಮೆಯಿಲ್ಲದಂತೆ ಸಮಮಟ್ಟದ ಆಧಾರವನ್ನು ಕಲ್ಪಿಸಿ, ಹಲಗೆ ಹಲಗೆಗಳ ನಡುವೆ ಎಡೆಬಿಟ್ಟು ಒಂದು ಸಾಲನ್ನು ಹಾಸುತ್ತಾರೆ. ಅದರ ಮೇಲೆ ಸುಮಾರು 2 ಅಡಿಗೊಂದರಂತೆ 1 ಅಂಗುಲ ದಪ್ಪದ ಒಣಗಿದ ಅಡ್ಡಪಟ್ಟಿಗಳು. ಮತ್ತೆ ಹಲಗೆ, ಮತ್ತೆ ಪಟ್ಟಿ. ಮೇಲಿನ ಪಟ್ಟಿಯು ಕೆಳಗಿನ ಪಟ್ಟಿಯ ನೇರಕ್ಕೇ ಕೂಡಬೇಕು; ತಪ್ಪಿದರೆ ಮೇಲಣ ಭಾರವೇ ಕೆಳಗಿನ ಹಲಗೆಯನ್ನು ಬಗ್ಗಿಸುತ್ತದೆ. ತುದಿಗಳಿಂದ ನೀರು ಬಹು ಬೇಗ ಹೊರಡುವುದರಿಂದ ಅಲ್ಲಿಗೆ ಮೇಣವನ್ನೊ ಬಣ್ಣವನ್ನೊ ಡಾಂಬರನ್ನೊ ಬಳಿಯುತ್ತಾರೆ. ಅಟ್ಟಿಯ ನೆತ್ತಿಯ ಮೇಲೆ ಕಲ್ಲಿನ ಭಾರ. ಅದಕ್ಕೂ ಮೇಲೆ ಮಳೆ ಬಿಸಿಲು ತಾಗದಂತೆ ಸೂರು. ಪಕ್ಕಗಳು ಮಾತ್ರ ಗಾಳಿಗೆ ತೆರೆದಿರಬೇಕು.

ಇಷ್ಟಾದ ಮೇಲೆ ಹಲಗೆಯನ್ನು ಒಣಗಿಸುವುದು ಗಾಳಿಯ ಪಾಲಿಗೆ ಬಿಟ್ಟುದು. 1 ಅಂಗುಲದ ಹಲಗೆಗೆ ಹವೆಯನ್ನೂ ಮರದ ಜಾತಿಯನ್ನೂ ಅನುಸರಿಸಿ ಕೆಲವು ತಿಂಗಳುಗಳು ಬೇಕು. ದಪ್ಪ ತೊಲೆಗೆ ವರ್ಷವೂ ಮಿಕ್ಕೀತು. ಮಲೆನಾಡಿನ ಮುಂಗಾರಿನಲ್ಲಿ ಒಣಗುವ ಕಾರ್ಯವು ನಿಂತೇ ಹೋದಂತೆ ತೋರುವುದು. ಅಷ್ಟು ದಿನವೂ ಬಡಗಿಯು ಏನು ಮಾಡುತ್ತಾನೆ? ಗೆದ್ದಲು ಏರಿತೆ, ಸೂರು ಸೋರಿತೆ, ಪಟ್ಟಿ ಜರುಗಿತೆ ಎಂದು ಆಗಾಗ ಬಂದು ನೋಡುತ್ತಾನೆ. ಕನ್ನಡದಲ್ಲಿ ಕಾಯುವುದೆಂಬ ಮಾತಿಗೆ ನಿರೀಕ್ಷಿಸುವುದೆಂಬ ಅರ್ಥವೂ ಉಂಟು, ರಕ್ಷಿಸುವುದೆಂಬ ಅರ್ಥವೂ ಉಂಟು. ಮೇಲಣ ಸಂದೇಹಕ್ಕೆ ಸಮಾಧಾನವು ಇಲ್ಲಿಯೇ ಇದೆ. ರಕ್ಷಣೆಯೊಡಗೂಡಿದ ನಿರೀಕ್ಷೆಯು ಕಾಯಕವು. ರಕ್ಷಣೆಯಿಲ್ಲದ ನಿರೀಕ್ಷೆಯು ಆಲಸ್ಯವು. ಹಲಗೆಗಳನ್ನು ರಾಶಿಹಾಕಿ ಎದ್ದುಹೋದವನೂ ಕಾಯುತ್ತಾನೆ. ಆದರೆ ಅವನ ಮರವು ಒಣಗುವ ಮುನ್ನವೇ ಕೊಳೆಯುವುದು.

ಆಲಸ್ಯಕ್ಕೆ ಎದುರಾದ ದೋಷವು ಆತುರ. ಹಸಿ ಹಲಗೆಯನ್ನು ಉರಿಬಿಸಿಲಿಗೆ ಹರವಿದರೆ ಹೊರಮೈ ಬೇಗ ಒಣಗಿ ಬಿರುಸಾಗುತ್ತದೆ. ಒಳಗಿನ ನೀರು ಒಳಗೇ ಉಳಿಯುತ್ತದೆ. ಮುಟ್ಟಿ ನೋಡಿದವನಿಗೆ ಅದು ಒಣಮರವೇ. ಕಾಲಾಂತರದಲ್ಲಿ ಒಡಲು ಕುಗ್ಗತೊಡಗಿದಾಗ ಹೊರಮೈ ಅದಕ್ಕೆ ಮಣಿಯದೆ, ಹಲಗೆಯು ಒಳಗಿಂದೊಳಗೇ ಸೀಳುತ್ತದೆ. ಈಗ ಬಿಸಿಗಾಳಿಯ ಕೋಣೆಗಳಲ್ಲಿ ಕೆಲವೇ ದಿನ ಅಥವಾ ವಾರಗಳಲ್ಲಿ ಮರವನ್ನು ಹದಗೊಳಿಸುವುದುಂಟು. ಆದರೆ ಅಲ್ಲಿಯೂ ಅಡ್ಡಪಟ್ಟಿಗಳು ತಪ್ಪಿದ್ದಲ್ಲ. ಮೊದಮೊದಲು ಗಾಳಿಯಲ್ಲಿ ತೇವವನ್ನು ಹೆಚ್ಚಾಗಿರಿಸಿ ಹಂತಹಂತವಾಗಿ ಇಳಿಸುತ್ತಾರೆ. ಯಂತ್ರವು ಕಾಲವನ್ನು ಕಿರಿದುಗೊಳಿಸಿತೇ ಹೊರತು ಕ್ರಮವನ್ನು ಬಿಡಲಿಲ್ಲ. ಹೊರಗೆ ವಿಭೂತಿಯ ಬಿಳುಪು ತುಂಬಿ, ಒಳಗೆ ಲೋಭಮೋಹಗಳ ಹಸಿಯು ಆರದೆ ಉಳಿದವನ ಸ್ಥಿತಿಯೂ ಈ ಹಲಗೆಯಂತೆಯೇ ಅಲ್ಲವೆ?

ಇಲ್ಲಿ ಒಬ್ಬನು ಆಕ್ಷೇಪಿಸಬಹುದು: “ಇದೆಲ್ಲವೂ ಉಳ್ಳವನಿಗೆ ಸಂದ ಮಾತು. ಆರು ತಿಂಗಳು ಹಲಗೆಯನ್ನು ಸೂರಿನಡಿ ಇರಿಸಿದರೆ ಬಡ ಬಡಗಿಯ ಮಕ್ಕಳು ಏನನ್ನುಣ್ಣಬೇಕು?” ಆಕ್ಷೇಪವು ನ್ಯಾಯವಾದುದೇ. ಹಸಿವಾದವನಿಗೆ ತಾಳ್ಮೆಯನ್ನು ಬೋಧಿಸುವುದು ಸುಲಭ, ಧರ್ಮವಲ್ಲ. ಹಸಿ ಮರವನ್ನು ಹಸಿಯೆಂದೇ ಹೇಳಿ, ಹಸಿ ಮರದ ಬೆಲೆಗೇ ಮಾರಿದರೆ ಬಡಗಿಗೆ ದೋಷವಿಲ್ಲ. ಒಣಗಿದುದೆಂದು ಹೇಳಿ ಮಾರಿದರೆ, ಬಾರದ ದಿನಗಳ ಕೂಲಿಯನ್ನು ಇಂದೇ ತೆಗೆದುಕೊಂಡಂತಾಯಿತು. ಅಂಗಳದಲ್ಲಿ ಆಯ್ದ ಅಕ್ಕಿಯು ಒಂದು ದಿನ ಹೆಚ್ಚಾಗಿ ಬಂದಾಗ ಅದನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಆದರೆ ದೋಷವೆಲ್ಲವೂ ಬಡಗಿಯದೆ? ಮನೆ ಕಟ್ಟಿಸುವ ಗೃಹಸ್ಥನು ಮೊದಲು ಗೃಹಪ್ರವೇಶದ ದಿನವನ್ನು ಗೊತ್ತುಮಾಡಿ, ಬಳಗಕ್ಕೆಲ್ಲ ಓಲೆ ಬರೆದು, ಆಮೇಲೆ ಮರಕ್ಕಾಗಿ ಹೋಗುತ್ತಾನೆ. “ಇದು ಇನ್ನೂ ಹಸಿಯಿದೆ, ಯಜಮಾನರೆ” ಎಂದ ಬಡಗಿಯನ್ನು ಬಿಟ್ಟು, “ಆಗಲಿ” ಎಂದವನಿಗೆ ಕೆಲಸವನ್ನೊಪ್ಪಿಸುತ್ತಾನೆ. ಮರುವರ್ಷದ ಬೇಸಗೆಯಲ್ಲಿ ಕದದ ಹಲಗೆಗಳ ನಡುವೆ ಬೆಳಕು ತೂರಿದಾಗ ಬಡಗಿಯನ್ನು ಕಳ್ಳನೆಂದು ಜರಿಯುತ್ತಾನೆ. ಸತ್ಯವನ್ನಾಡಿದವನ ಅನ್ನವನ್ನು ಕಳೆದು, ಸುಳ್ಳಾಡಿದವನಿಗೆ ಅನ್ನವನ್ನಿತ್ತವನು ಆ ಸುಳ್ಳಿನಲ್ಲಿ ಪಾಲುಗಾರನಾಗನೆ?

ಇನ್ನೊಂದು ಮಾತು. ಎಷ್ಟೇ ಕಾಲ ಗಾಳಿಯಲ್ಲಿರಿಸಿದರೂ ಮರದ ನೀರು ಪೂರ್ತಿಯಾಗಿ ಹೋಗುವುದಿಲ್ಲ. ಅದು ತಾನಿರುವ ನೆಲದ ಹವೆಯೊಡನೆ ಸಮತೆಗೆ ಬಂದು ನಿಲ್ಲುತ್ತದೆ. ಕರಾವಳಿಯಲ್ಲಿ ಹದವೆನಿಸಿದ ಹಲಗೆಯು ವಿಜಯಪುರದ ಬಯಲಿಗೆ ಬಂದರೆ ಮತ್ತಷ್ಟು ಕುಗ್ಗುವುದು. ಆದುದರಿಂದ ಹದವೆಂದರೆ ನೀರಸತೆಯಲ್ಲ, ಸಮತೆ. ಸಂಸಾರದಲ್ಲಿರುವ ಭಕ್ತನಿಂದಲೂ ಶರಣರು ಬಯಸಿದುದು ಇದನ್ನೇ.

ಅಟ್ಟಿಯನ್ನು ನೇರವಾಗಿ ಒಟ್ಟುವುದು, ಗಾಳಿಗೆ ಎಡೆಬಿಡುವುದು, ಕಾವಲಿರುವುದು ಮನುಷ್ಯನ ಪಾಲಿನವು. ಹದವಾಗಿಸುವುದು ಶಿವನ ಪಾಲಿನದು. ಮನೆ ಕಟ್ಟಿಸುವ ಸದ್ಭಕ್ತರು ಮೊದಲು ಬಡಗಿಯ ಅಟ್ಟಿಯನ್ನು ನೋಡಿ, ಆಮೇಲೆ ಗೃಹಪ್ರವೇಶದ ದಿನವನ್ನು ಗೊತ್ತುಮಾಡಲಿ. ಅಷ್ಟರಿಂದಲೇ ಒಬ್ಬ ಬಡಗಿಯ ಕಾಯಕವು ಶುದ್ಧವಾಗಿ ಉಳಿಯುವುದು.